ಹನ್ನೊಂದು ಗಂಟಿನ ರಜೆ

ಮಾರ್ಚ್ 3, ಸೋಮವಾರ

ಇವತ್ತೂ ಸರಕಾರಿ ರಜೆ. ಊರೆಲ್ಲಾ ಮಲಗಿದೆ. ಲಾಂಡ್ರಿಗೆ ಎಲ್ಲಿಯ ರಜೆ? ಆಸ್ಪತ್ರೆ ಬೆಡ್‌ಶೀಟು ಕ್ಯಾಲೆಂಡರ್ ನೋಡಿ ಕೊಳೆಯಾಗುತ್ತಾ? ಐದಕ್ಕೇ ಬಾಯ್ಲರ್ ಹಚ್ಚಿದೆ. ಉಗಿ ಏರುವಷ್ಟರಲ್ಲಿ ಮೂರು ಗಾಡಿ ಬಟ್ಟೆ ಬಂದು ಬಿತ್ತು.

ಸಂಜೆ ಗಂಟು ಹಾಕಿದೆ. ಹನ್ನೊಂದನೇದು. ಹಳೇ ಯಜಮಾನರು ಮಾಡಿದ ಪದ್ಧತಿ. ರಜೆ ದಿನ ದುಡಿದವನು ಹರಿದ ಶೀಟಿನ ಅಂಚಿಗೆ ಒಂದು ಗಂಟು ಹಾಕಿ ತನ್ನ ಗೂಟಕ್ಕೆ ನೇತುಹಾಕೋದು. ಬದಲಿ ರಜೆ ಬೇಕಾದಾಗ ಅವರೆದುರು ಒಂದು ಬಿಚ್ಚೋದು. ಮೂವತ್ತು ವರ್ಷದಲ್ಲಿ ಯಾರೂ ಸುಳ್ಳು ಗಂಟು ಹಾಕಿಲ್ಲ.

ಹದಿನಾಲ್ಕಕ್ಕೆ ಅಕ್ಕನ ಸೊಂಟದ ಆಪರೇಷನ್. ಅವ್ವ ಸತ್ತ ಮೇಲೆ ನನ್ನ ಸಾಕಿದವಳು. ಗಂಡ ಇಲ್ಲ, ಮಕ್ಕಳಿಲ್ಲ. ಎತ್ತಿ ಕೂರಿಸೋಕೆ ಹತ್ತು ದಿನ ಜೊತೆಗೊಬ್ಬರು ಇಲ್ಲದಿದ್ರೆ ಆಪರೇಷನ್ನೇ ಇಲ್ಲ ಅಂದಿದ್ದಾರೆ ಡಾಕ್ಟರು. ನಮ್ಮವಳ ಬಲಗೈ ಹೋದ ವರ್ಷ ಮುರಿದದ್ದು, ಇನ್ನೂ ಬಿಂದಿಗೆ ಎತ್ತಲ್ಲ. ನಾನೇ ಹೋಗಬೇಕು. ಅದಕ್ಕೇ ಎರಡು ವರ್ಷದಿಂದ ಒಂದೂ ಬಿಚ್ಚಿಲ್ಲ.

ಮಾರ್ಚ್ 5, ಬುಧವಾರ

ಗಂಟಿನ ಅಂಚು ಹಿಡಕೊಂಡು ಆಫೀಸಿಗೆ ಹೋದೆ. ಈಗ ಯಜಮಾನರ ಮಗಳದ್ದೇ ಕಾರುಬಾರು.

"ಏನಜ್ಜಾ ಇದು?"

"ನನ್ನ ರಜೆ, ಮೇಡಂ."

"ಬಟ್ಟೆ ತುಂಡಿಗೆಲ್ಲಾ ರಜೆ ಕೊಡೋಕಾಗುತ್ತಾ?"

"ನಿಮ್ಮಪ್ಪ ಕೊಡ್ತಿದ್ದರು."

ಡ್ರಾಯರ್‌ನಿಂದ ಕಾಂಟ್ರಾಕ್ಟ್ ತೆಗೆದಳು. ಜನವರಿಯದು. ಕೆಳಗೆ ನನ್ನದೇ ಸೈನು. ಒಂಬತ್ತನೇ ಕಲಮು. ಸರಕಾರಿ ರಜೆ ದಿನ ದುಡಿದರೆ ಮೂವತ್ತು ದಿನದೊಳಗೆ ರಿಜಿಸ್ಟರಿನಲ್ಲಿ ಬರೆಸಬೇಕು. ಬರೆಸದ್ದು ರದ್ದು. ಹಳೇದನ್ನೂ ಸೈನ್ ಹಾಕಿದ ಮೂವತ್ತು ದಿನದೊಳಗೇ ಬರೆಸಬೇಕಿತ್ತು. ಅಂದರೆ ಸೋಮವಾರದ್ದೊಂದೇ ಉಳಿದದ್ದು. ರಜೆ ಸಿಗದೆ ಮೂರು ದಿನ ಬರದಿದ್ದರೆ ಕೆಲಸ ಬಿಟ್ಟ ಹಾಗೆ, ಅದೂ ಇದೆ.

"ಇದನ್ನ ನಮಗೆ ಯಾರೂ ಹೇಳಿಲ್ಲ."

"ಎಲ್ಲರೆದುರು ಓದಿಸಿದ್ದೀವಲ್ಲ. ನಿಮ್ಮ ಭಾಮೈದನೇ ಓದಿದ್ದು."

ಮಾರ್ಚ್ 6

ನಿದ್ದೆ ಇಲ್ಲ. ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ಕಾನೂನು ಭಾಷೆ, ಇರುವೆಯಂಥ ಅಕ್ಷರ. ನಾನು ಓದಿದ್ದು ನಾಲ್ಕನೇ ಕ್ಲಾಸು. ಈ ಭಾಮೈದನನ್ನ ನಾನೇ ಓದಿಸಿದ್ದು, ಹೆಂಡತಿ ತಮ್ಮ ಅಂತ. ಸೈನ್ ಹಾಕಿಸಿದ ದಿನ ಗಟ್ಟಿಯಾಗಿ ಓದಿದ. ಇಸ್ತ್ರಿಯವಳು ಕೇಳಿದಳು, "ರಜೆ ವಿಷಯ ಏನಿದೆ?" "ಮೊದಲಿನ ಹಾಗೇ," ಅಂದ. ಅವಳು ಮತ್ತೆ ಬಾಯಿ ತೆಗೆದಳು. ಗದರಿದ್ದು ನಾನು. "ನನ್ನ ಭಾಮೈದ ಓದಿದ ಮೇಲೆ ನಿಂದೇನು ತನಿಖೆ?" ಮೊದಲು ಸೈನ್ ಹಾಕಿದ್ದೂ ನಾನೇ. ನನ್ನ ನೋಡಿ ಉಳಿದ ಹದಿನಾಲ್ಕು ಜನ.

ಇವತ್ತು ಆ ಇಸ್ತ್ರಿಯವಳು ಬಾಯ್ಲರ್ ಹತ್ತಿರ ಬಂದು ನಿಂತಳು. "ತನಿಖೆ ಮುಗೀತಾ, ದೊಡ್ಡವರೇ?"

ಚಪ್ಪಲಿ ತಗೊಂಡು ಹೊಡೆದಿದ್ದರೆ ವಾಸಿಯಿತ್ತು.

ಮಾರ್ಚ್ 8

ಭಾಮೈದನನ್ನ ಬಟ್ಟೆ ಗೋಡೌನಿನಲ್ಲಿ ಹಿಡಿದೆ. ಫೆಬ್ರವರಿಯಿಂದ ಸೂಪರ್‌ವೈಸರ್. ಜೇಬಿನಲ್ಲಿ ಎರಡು ಪೆನ್ನು.

"ಒಂಬತ್ತನೇದು ಓದಿದ್ಯೇನೋ?"

"...ಇಲ್ಲ ಭಾವ."

"ಕಣ್ಣು ಸೀದುಹೋಗಿತ್ತಾ?"

"ಓದಿದ್ರೆ ಯಾರೂ ಸೈನ್ ಹಾಕ್ತಿರಲಿಲ್ಲ. ಅದೊಂದು ದಾಟಿಸು ಅಂದ್ರು ಮೇಡಂ. ನಿಮ್ಮದನ್ನ ಆಮೇಲೆ ಹೇಗಾದ್ರೂ ಸರಿ ಮಾಡಿಸೋಣ ಅಂದ್ಕೊಂಡಿದ್ದೆ."

"ನಿನ್ನ ಗಂಟು ಎಲ್ಲೋ? ಗೂಟ ಖಾಲಿ ಇದೆ."

ಹೋಗಿ ರಿಜಿಸ್ಟರ್ ತೆಗೆದು ನೋಡಿದೆ. ಇವನ ರಜೆ ಒಂದೂ ಬಿಟ್ಟಿಲ್ಲ. ಜನವರಿಯಲ್ಲೇ ಎಲ್ಲಾ ಬರೆಸಿಕೊಂಡಿದ್ದಾನೆ. ಇದೊಂದು ಮಾತ್ರ ಗಂಟಲಲ್ಲಿ ಇಳೀತಿಲ್ಲ.

ಮಾರ್ಚ್ 13, ಸಂಜೆ

ಅಕ್ಕ ಫೋನ್ ಮಾಡಿದಳು. ಜೊತೆಗಿರೋರು ಯಾರು ಅಂತ ನರ್ಸು ಕೇಳ್ತಿದ್ದಾಳಂತೆ.

"ನನ್ನ ಹೆಸರು ಬರೆಸು."

"ರಜೆ ಕೊಟ್ಟರೇನೋ?"

"ಕೊಡದೆ ಏನು ಮಾಡ್ತಾರೆ!"

ಅಕ್ಕನಿಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಮನೆಯಲ್ಲಿ ಐದು ದಿನದಿಂದ ಮಾತಿಲ್ಲ. ಒಂದು ಕಡೆ ತಮ್ಮ, ಒಂದು ಕಡೆ ಗಂಡ. ಇವಳಾದರೂ ಏನು ಮಾಡಿಯಾಳು. ಕೇಳಲೂ ಇಲ್ಲ ನಾನು.

ಮಾರ್ಚ್ 14, ಬೆಳಗ್ಗೆ

ಬಸ್ಸಿನಲ್ಲಿ ಬರೀತಿದ್ದೀನಿ. ಅಕ್ಷರ ಕುಣೀತಿದೆ.

ಐದಕ್ಕೆ ಬಾಗಿಲು ತೆಗೆದರೆ ಭಾಮೈದ ಮೆಟ್ಟಿಲ ಮೇಲೆ ಕೂತಿದ್ದ. ಯಾವಾಗ ಬಂದನೋ.

"ನೀವು ಹೋಗಿ ಬನ್ನಿ ಭಾವ. ಡ್ಯೂಟಿಗೆ ಬಂದಿದ್ದೀರಿ ಅಂತ ದಿನಾ ನಾನೇ ಬರೀತೀನಿ. ಯಾರಿಗೂ ಗೊತ್ತಾಗಲ್ಲ."

"ನಿನ್ನ ಪೆನ್ನಿನ ಸಹವಾಸ ಸಾಕು. ಏಳೋ, ದಾರಿ ಬಿಡು."

ಏಳಲಿಲ್ಲ. ಕಾಲು ಹಿಡಿಯೋಕೆ ಬಂದ. ಅಷ್ಟರಲ್ಲಿ ಇವಳು ಒಳಗಿಂದ ಬಂದು ನನ್ನ ಕೈಯಿಂದ ಚೀಲ ಕಿತ್ತುಕೊಂಡಳು. ಆಯ್ತು, ತಮ್ಮನ ಕಡೆ ವಾಲಿದಳು ಅಂದ್ಕೊಂಡೆ. ಚೀಲ ಎಡಹೆಗಲಿಗೆ ಹಾಕಿದಳು. ಅವನ ಪಕ್ಕದಿಂದಲೇ ಇಳಿದಳು, ಮುಖ ನೋಡಲಿಲ್ಲ. "ಅಕ್ಕಾ," ಅಂದ. ತಿರುಗಲಿಲ್ಲ. ಬಸ್ ಸ್ಟಾಪಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆ.

ಈಗ ಪಕ್ಕದಲ್ಲಿ ಕೂತಿದ್ದಾಳೆ. ಸೆರಗಿನಲ್ಲಿ ಮೂಗು ಒರೆಸಿಕೊಂಡಳು, ಕಿಟಕಿ ಕಡೆ ತಿರುಗಿ.

ಕಂಡಕ್ಟರ್ ಬಂದ. "ಹೋಗಿ ಬರೋದಕ್ಕೋ, ಬರೀ ಹೋಗೋದಕ್ಕೋ?"

ಇವಳು ನನ್ನ ಮುಖ ನೋಡಿದಳು. ನಾನು "ಬರೀ ಹೋಗೋದಕ್ಕೆ, ಎರಡು," ಅಂದೆ.