ಬಂದ್ ಇದ್ದಾಗ ನೋಡಿ ಬಾ

ಆಗಸ್ಟ್ 18, 2013, ರವಿವಾರ

ನನಗೂ ಕಾಣುತ್ತದೆ. ಮೂರೂವರೆ ವರ್ಷದಿಂದ ಕಾಣುತ್ತಿದೆ. ಅವ್ವನಿಗೆ ಮಾತ್ರ ಇಲ್ಲ ಅಂತಲೇ ಹೇಳಿಕೊಂಡು ಬಂದಿದ್ದೇನೆ.

ಬರೆದೆ. ಇನ್ನು ಹೊಡೆದು ಹಾಕುವುದಿಲ್ಲ.

ನಮ್ಮದು ಹಳೇ ಡಬ್ಬಾ ಟಿವಿ, ಇಪ್ಪತ್ತೊಂದು ಇಂಚು. ತಮ್ಮ ಸುರಜ ತೀರಿಕೊಂಡ ದಿನ ಓಣಿಯವರು ಅದರ ಮೇಲೆ ಅವ್ವನ ಸೀರೆ ಹೊದಿಸಿದರು. ಸತ್ತ ಮನೆಯಲ್ಲಿ ಟಿವಿ ಹಚ್ಚಬಾರದು, ಅದರ ಗಾಜೂ ಕಾಣಬಾರದು. ಹದಿಮೂರನೇ ದಿನ ಸೀರೆ ತೆಗೆದರು. ಅವ್ವ ಮಂಚದ ಮೇಲೆ, ಪಕ್ಕದಲ್ಲಿ ನಾನು. ಆರಿದ ಗಾಜಿನಲ್ಲಿ ಮಂಚ, ಅವ್ವ, ನಾನು. ನನ್ನ ಪಕ್ಕಕ್ಕೆ ಸುರಜ. ಸಾಲಿ ಅಂಗಿ ಹಾಕಿಕೊಂಡು ನಿಂತಿದ್ದ.

ತಿರುಗಿ ನೋಡಿದೆ. ಗೋಡೆ. ಕ್ಯಾಲೆಂಡರಿನ ಮೊಳೆ.

"ಶುಭಾ, ನಿನಗೇನರ ಕಾಣಾಕತ್ತೈತೇನ ಬೇ?"

"ಇಲ್ಲ."

ಹೌದು ಅಂದಿದ್ದರೆ ಅವ್ವ ಆ ಮಂಚದಿಂದ ಏಳುತ್ತಿರಲಿಲ್ಲ. ಅದಕ್ಕೇ ಇಲ್ಲ ಅಂದೆ. ಪರೀಕ್ಷೆಯಲ್ಲಿ ಸರ್ ಉತ್ತರ ಹೇಳಿಕೊಟ್ಟರು ಅಂತ ತಪಾಸಣೆಗೆ ಬಂದ ಸಾಹೇಬರ ಮುಂದೆ ನಿಜ ಹೇಳಿ, ಒಂಬತ್ತನೆಯದಕ್ಕೇ ಸಾಲಿ ಬಿಟ್ಟವಳು ನಾನು. ಸುಳ್ಳು ಹೇಳಿದ್ದು ಅವ್ವನಿಗೆ ಅಂದ ಇದೊಂದೇ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ — ಇವತ್ತು ಮೆಕ್ಯಾನಿಕ್ ಸತ್ತೆಪ್ಪ ಬಂದಿದ್ದ. ಟಿವಿಯ ಬೆನ್ನು ಬಿಚ್ಚಿ ನೋಡಿ ನಕ್ಕ. "ರಾಜಾರಾಮಣ್ಣ, ಟ್ಯೂಬ್ ಹೋತು. ಇದಕ್ಕ ಹಾಕೂ ರೊಕ್ಕದಾಗ ಎಮ್ಮಿಗೆ ಹಿಂಡಿ ತರೂದು ಚಲೋ."

ಅಪ್ಪನೂ ನಕ್ಕ. ಅವ್ವ ನಗಲಿಲ್ಲ.

ಆಗಸ್ಟ್ 21

ಫ್ಲ್ಯಾಟ್ ಟಿವಿ ತರುವುದು ಖಾಯಂ. ಪಂಚಾಯ್ತಿಯ ವಾಟರ್‌ಮನ್ ಮನೆಯಲ್ಲಿ ಯಾಕಿರಬಾರದು ಅಂತ ಅಪ್ಪ. ಓದಿದವಳು ನಾನೇ ಅಂತೆ, ನೋಡಿ ಬರಬೇಕಂತೆ. ಹಳೆಯದು ಎಕ್ಸ್‌ಚೇಂಜಿಗೆ.

ಮಧ್ಯಾಹ್ನ ಮೂರಕ್ಕೆ ಅಪ್ಪ ನೀರು ಬಿಡಲು ಹೋಗುತ್ತಾನೆ. ಆಗ ಅವ್ವ ಮಂಚಕ್ಕೆ ಬರುತ್ತಾಳೆ. ನನ್ನನ್ನೂ ಕೂರಿಸುತ್ತಾಳೆ. ಇವತ್ತೂ ಅಷ್ಟೇ.

ಗಾಜಿನಲ್ಲಿ ಸುರಜ ಬೆಳೆಯುತ್ತಿದ್ದಾನೆ. ಹೋದಾಗ ಒಂಬತ್ತು ವರ್ಷ, ನನ್ನ ಮೊಣಕೈಗೆ ಬರುತ್ತಿದ್ದ. ಈಗ ಹೆಗಲಿಗೆ. ಅದೇ ಸಾಲಿ ಅಂಗಿ — ತೋಳು ಗಿಡ್ಡವಾಗಿದೆ, ಗುಂಡಿಯ ಹತ್ತಿರ ಬಿಗಿ. ಬಲಗೈ ಮಾತ್ರ ಕಾಣುವುದಿಲ್ಲ, ಗಾಜು ಅಲ್ಲಿಗೆ ಮುಗಿಯುತ್ತದೆ.

ಪ್ರತಿ ವರ್ಷ ಪಕ್ಷದ ಹಬ್ಬದಲ್ಲಿ ಅವನ ಹೆಸರಿಗೆ ಹೊಸ ಅಂಗಿ ಇಡುತ್ತೇವೆ. ಅವ್ವ ಪ್ರತಿ ಸಲ ಒಂದು ಅಳತೆ ದೊಡ್ಡದು ಹೊಲಿಸುತ್ತಾಳೆ. ಅಪ್ಪ ಒಮ್ಮೆ ಕೇಳಿದ್ದ, "ಸತ್ತ ಹುಡುಗ ಬೆಳಿತಾನೇನ?"

ಇವತ್ತು ಗಾಜು ನೋಡುತ್ತಲೇ ಅಂದಳು, "ಅಂಗಡ್ಯಾಗ ಹಚ್ಚಿ ತೋರಸ್ತಾರ. ನೀ ಬಂದ್ ಇದ್ದಾಗ ನೋಡಿ ಬಾ."

ಆಗಸ್ಟ್ 25, ರವಿವಾರ, ಸಂಜೆ

ಚಿಕ್ಕೋಡಿಗೆ ಹೋಗಿ ಬಂದೆ.

ಅಂಗಡಿಯವನ ಹೆಸರು ಪಾರಿಸ. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಅವನು ಹೇಳಿದ್ದನ್ನೆಲ್ಲ ವಹಿಯಲ್ಲಿ ಬರೆದುಕೊಂಡೆ. ಎಲ್‌ಸಿಡಿ ಅಂದರೆ ಹಿಂದೆ ಟ್ಯೂಬ್‌ಲೈಟ್ ಥರ, ಎಲ್‌ಇಡಿ ಅಂದರೆ ಸಣ್ಣ ಸಣ್ಣ ದೀಪ, ಕರೆಂಟ್ ಕಡಿಮೆ. ಎಚ್‌ಡಿ ರೆಡಿ, ಫುಲ್ ಎಚ್‌ಡಿ — ಚುಕ್ಕಿಗಳ ಲೆಕ್ಕ. ಚುಕ್ಕಿ ಹೆಚ್ಚಾದಷ್ಟೂ ಮುಖ ಸ್ಪಷ್ಟ. ಕಾಂಟ್ರಾಸ್ಟ್ ಅಂದರೆ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಅನ್ನುವುದು.

"ವ್ಯೂಯಿಂಗ್ ಆ್ಯಂಗಲ್ ನೂರಾ ಎಪ್ಪತ್ತೆಂಟು. ಬಾಜೂಕ ಕುಂತವ್ರಿಗೂ ಚಂದ ಕಾಣತೈತಿ."

"ಬಾಜೂಕ ನಿಂತವ್ರು ಕಾಣ್ತಾರೇನ್ರಿ?"

ಅವನಿಗೆ ಅರ್ಥವಾಗಲಿಲ್ಲ. ಬಂದ್ ಮಾಡಿ ಅಂದೆ.

"ಟಿವಿ ತುಗೊಳ್ಳಾಕ ಬಂದೀಯೋ ಕನ್ನಡಿ ತುಗೊಳ್ಳಾಕೋ, ತಂಗಿ?" ಅಂದ. ಆದರೂ ಬಂದ್ ಮಾಡಿದ.

ಒಂದು ಮ್ಯಾಟ್ ಸ್ಕ್ರೀನ್. ಆರಿಸಿದರೆ ಸ್ಲೇಟಿನ ಹಾಗೆ. ನಾನೂ ಇಲ್ಲ, ಯಾರೂ ಇಲ್ಲ. ಇನ್ನೊಂದು ಗ್ಲಾಸಿ, ಕನ್ನಡಿಯ ಹಾಗೆ ಹೊಳೆಯುವುದು, ಮೂವತ್ತೆರಡು ಇಂಚು, ಅಗಲ.

ಅದರಲ್ಲಿ ನಾನು. ಹಿಂದೆ ಪಾರಿಸ. ನನ್ನ ಪಕ್ಕ ಸುರಜ.

ಇಲ್ಲಿಯೂ. ಚಿಕ್ಕೋಡಿಯಲ್ಲಿಯೂ.

ಇಷ್ಟು ದಿನ ಅವನು ನಮ್ಮ ಟಿವಿಯಲ್ಲಿದ್ದಾನೆ ಅಂದುಕೊಂಡಿದ್ದೆ. ನಮ್ಮ ಟಿವಿಯಲ್ಲಿಲ್ಲ. ನನ್ನ ಜೊತೆ ಇದ್ದಾನೆ.

ಈ ಗಾಜು ಅಗಲ. ಬಲಗೈ ಕಂಡಿತು. ಕಬ್ಬಿನ ಗಣಿಕೆ ಹಿಡಿದಿದ್ದಾನೆ. ಸಿಪ್ಪೆ ಸುಲಿದದ್ದು. ನನ್ನ ಕಡೆ ಚಾಚಿದ್ದಾನೆ.

ಪಾರಿಸ ಚಹಾ ತರಿಸಿದ. ಎರಡು ಕಪ್. ಎರಡನ್ನೂ ನನ್ನ ಮುಂದೆ ಇಟ್ಟು ಬೇರೆ ಗಿರಾಕಿ ಕಡೆ ಹೋದ.

ಹೊರಡುವಾಗ ಅಂದ, "ನಾ ಹೇಳಿದ್ದೆಲ್ಲಾ ನನಗ ತಿರುಗಿ ಒಪ್ಪಿಸಿದಿ. ನಮ್ಮ ನಿಪ್ಪಾಣಿ ಅಂಗಡ್ಯಾಗ ಇಂಥಾಕಿ ಒಬ್ಬಾಕಿ ಬೇಕಾಗ್ಯಾಳ. ಮನ್ಯಾಗ ಕೇಳು."

ಆಗಸ್ಟ್ 27

ಹೇಳಿಬಿಟ್ಟೆ. ನನಗೂ ಕಾಣುತ್ತದೆ, ಅಂಗಡಿಯಲ್ಲಿಯೂ ಕಂಡ ಅಂತ.

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ನೀ ನೀರಿಗೆ ಹೋದಾಗ ನಾ ಒಬ್ಬಾಕೆ ನೋಡೇನಿ. ಖಾಲಿ. ನೀ ಹೊಸ್ತಿಲ ಒಳಗ ಕಾಲ ಇಟ್ರ ಬರ್ತಾನ."

"ಎಂದಿನಿಂದ ಗೊತ್ತೈತಿ?"

"ಮೊದಲಿನಿಂದ."

ಆಗ ಒಂದೊಂದೇ ನೆನಪಾಯಿತು. ರಾಯಬಾಗದ ಹೊಲಿಗೆ ಕ್ಲಾಸಿಗೆ ಹೆಸರು ಹಚ್ಚಿದ್ದೆ — ಅವ್ವನಿಗೆ ಸೊಂಟ ನೋವು ಬಂತು. ಕಾಂಚನ ಅತ್ತೆ ನಿಪ್ಪಾಣಿಗೆ ಕರೆದಳು — ಎಮ್ಮೆ ಈಯುವುದಿತ್ತು. ಕಾಗವಾಡದಿಂದ ನನ್ನ ನೋಡಲು ಬಂದವರಿಗೆ ಅವ್ವ ಚಹಾ ಕೂಡ ಕೊಡಲಿಲ್ಲ. ನನ್ನ ಮೇಲಿನ ಜೀವ ಅಂದುಕೊಂಡಿದ್ದೆ.

ಪಾರಿಸ ಹೇಳಿದ ಕೆಲಸದ ಮಾತು ತೆಗೆದೆ. "ಎಲ್ಲಿಗೂ ಹೋಗಂಗಿಲ್ಲ," ಅಂದಳು. ನನ್ನ ಮುಖ ನೋಡಿ ಹೇಳಲಿಲ್ಲ. ನನ್ನ ಪಕ್ಕ ನೋಡಿ ಹೇಳಿದಳು.

ಸೆಪ್ಟೆಂಬರ್ 1, ರವಿವಾರ

ಅಪ್ಪ ಕೇಳಿದ, ಯಾವುದು ತರೋಣ. ಇದ್ದದ್ದು ಇದ್ದ ಹಾಗೆ ಹೇಳಿದೆ. ಮ್ಯಾಟ್ ತಂದರೆ ಕಿಟಕಿಯ ಬೆಳಕು ಹೊಳೆಯುವುದಿಲ್ಲ, ಹಗಲು ನೋಡುವವರಿಗೆ ಅದೇ ಚಲೋ. ಆದರೆ ಆರಿಸಿದಾಗ ಏನೂ ಕಾಣುವುದಿಲ್ಲ.

"ಆರಿಸಿದ ಮ್ಯಾಲೆ ಏನ ನೋಡೂದೈತಿ?" ಅಂದ ಅಪ್ಪ.

"ಹೊಳಿಯೂದನ್ನ ತರ್ರಿ," ಅಂದಳು ಅವ್ವ.

ಗ್ಲಾಸಿ ಬೇಡ ಅಂತ ಒಂದು ಮಾತು ಸೇರಿಸಿದ್ದರೆ ನಾನು ಬಿಡುಗಡೆಯಾಗುತ್ತಿದ್ದೆ. ಚುಕ್ಕಿ ಕಡಿಮೆ, ಬಾಳಿಕೆ ಇಲ್ಲ ಅಂದಿದ್ದರೂ ಸಾಕಿತ್ತು. ಸುಳ್ಳು ಬಾಯಿಗೆ ಬರಲಿಲ್ಲ.

ಸೆಪ್ಟೆಂಬರ್ 15, ರವಿವಾರ

ಮೂವತ್ತೆರಡು ಇಂಚು. ಗೋಡೆಗೆ ಬಡಿದು ಹನ್ನೆರಡು ದಿನ. ಹಳೆಯದನ್ನು ಟೆಂಪೋದಲ್ಲಿ ಒಯ್ದರು. ಮೊದಲ ದಿನವೇ ಅವನ ಕೈಯಲ್ಲಿರುವುದು ಏನು ಅಂತ ಅವ್ವ ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಲಿಲ್ಲ. ಬರೀ ನೋಡಿದಳು. ಹನ್ನೆರಡು ದಿನವೂ.

ಇವತ್ತು ಕೇಳಿದಳು. "ಕಬ್ಬು ಯಾರಿಗೆ ಹಿಡದಾನ?"

"ನನಗ."

ಎಲ್ಲ ಹೇಳಿದೆ. ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ. ಊರ ಹುಡುಗರೆಲ್ಲ ಓಡಿ ಹಿರಿಯುತ್ತಾರೆ. ಅವನು ಆಸೆಗೆ ಹೋಗಿದ್ದ ಅಂತ ಎಲ್ಲರೂ ತಿಳಿದಿದ್ದಾರೆ. ಅವನಿಗೆ ಆಸೆ ಇರಲಿಲ್ಲ. "ನನಗೊಂದು ಗಣಿಕಿ ತಂದುಕೊಡೋ" ಅಂತ ನಾನೇ ಕಳಿಸಿದ್ದೆ. ಮೊದಲ ಟ್ರಾಲಿಯಿಂದ ಹಿರಿದ. ಎರಡನೆಯದನ್ನು ನೋಡಲಿಲ್ಲ, ಅದರ ಗಾಲಿಗೆ ಸಿಕ್ಕ.

ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದ್ದನ್ನು ಹೇಳದಿದ್ದರೆ ಸುಳ್ಳಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ.

ಅವ್ವ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಹೊರಗೆ ನಲ್ಲಿಗೆ ನೀರು ಬಂತು, ಕೊಡಗಳ ಸದ್ದು. ಆಮೇಲೆ ಮೆಲ್ಲಗೆ —

"ಇಸ್ಕೋ ಬೇ. ಎಷ್ಟ ದಿನಾ ಅಂತ ಹಿಡಕೊಂಡ ನಿಂದರ್ತಾನ."

ಗಾಜು ನೋಡುತ್ತಾ ಪಕ್ಕಕ್ಕೆ ಕೈ ಚಾಚಿದೆ. ಗಾಳಿ. ಬೆರಳು ಮಡಿಚಿದೆ.

ಗಾಜಿನಲ್ಲಿ ಅವನ ಕೈ ಖಾಲಿ. ನನ್ನ ಅಂಗೈ ಅಂಟಂಟು. ಎರಡು ಸಲ ತೊಳೆದೆ.

ಸೆಪ್ಟೆಂಬರ್ 29

ಅವನು ಹೋಗಿಲ್ಲ. ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದಾನೆ, ಅಷ್ಟೇ.

ಅವ್ವ ಈಗ ಗಾಜಿನಲ್ಲಿ ನನ್ನನ್ನೂ ನೋಡುತ್ತಾಳೆ. ಇವತ್ತು ಥಟ್ಟನೆ, "ಎಷ್ಟ ಬಡವಾಗಿದಿ," ಅಂದಳು. ಮೂರೂವರೆ ವರ್ಷದಲ್ಲಿ ಮೊದಲ ಸಲ.

ಸಂಜೆ ಕಾಂಚನ ಅತ್ತೆಗೆ ತಾನೇ ಫೋನ್ ಮಾಡಿದಳು. "ಹುಡುಗಿ ಕೆಲಸಕ್ಕ ಬರ್ತಾಳ. ಒಂದ ಹಾಸಿಗಿ ಸಾಕಾಗೂದಿಲ್ಲ, ಎರಡ ಇಡು." ಅತ್ತೆ ಯಾಕೆ ಅಂದಿರಬೇಕು. "ಇಡವಾ ನೀ," ಅಂದು ಇಟ್ಟಳು.

ಅಕ್ಟೋಬರ್ 5, ಶನಿವಾರ

ನಿನ್ನೆ ಪಕ್ಷದ ಅಮಾವಾಸ್ಯೆ. ಅಂಗಿ ಇಟ್ಟು ಪೂಜೆ ಆಯಿತು. ಪ್ರತಿ ವರ್ಷ ಆ ಅಂಗಿಯನ್ನು ಓಣಿಯ ಹುಡುಗರಿಗೆ ಕೊಡುತ್ತಿದ್ದೆವು. ಈ ಸಲ ಅವ್ವ ಮಡಚಿ ನನ್ನ ಬ್ಯಾಗಿನಲ್ಲಿ ಹಾಕಿದಳು.

ಇವತ್ತು ಸಂಜೆ ಮೂವರೂ ಮಂಚದ ಮೇಲೆ ಕೂತೆವು. ಅಪ್ಪ ಸುದ್ದಿ ಹಚ್ಚಿದ್ದ. ಮುಗಿದ ಮೇಲೆ ರಿಮೋಟ್ ಅವ್ವನ ಕೈಗೆ ಕೊಟ್ಟು ಎದ್ದುಹೋದ. ಅವ್ವ ಬಂದ್ ಮಾಡಿದಳು. ನೋಡಿದಳು. ಕಣ್ಣು ಒರೆಸಿಕೊಂಡು, ಟ್ರಂಕಿನಿಂದ ಆ ಹಳೇ ಸೀರೆ ತಂದು ಟಿವಿಗೆ ಹೊದಿಸಿದಳು.

"ನಿಪ್ಪಾಣ್ಯಾಗ ಹೈವೇ ಐತಿ. ಅವಂಗ ರಸ್ತಾ ದಾಟಾಕ ಬರೂದಿಲ್ಲ. ಕೈ ಹಿಡಕೊ."

ಒಲೆಯ ಪಕ್ಕ ಬುತ್ತಿ ಕಟ್ಟಿಟ್ಟಿದ್ದಾಳೆ. ಎರಡು ಗಂಟು.

ನಾಳೆ ಆರೂವರೆ ಬಸ್ಸಿಗೆ ಹೊರಡುತ್ತೇವೆ.