ಇಪ್ಪತ್ತೆಂಟು ಮಕ್ಕಳಿಗೆ ಜಾಗ

ಮಾರ್ಚ್ ೧೪, ಶುಕ್ರವಾರ

ಮಗಳ ಏಳನೇ ಹುಟ್ಟುಹಬ್ಬಕ್ಕೆ ಇರುವುದು ಐದು ಸಾವಿರ. ಹಾಲ್ ಬಾಡಿಗೆಯೇ ಮೂರು ನುಂಗುತ್ತದೆ. ಉಳಿದದ್ದರಲ್ಲಿ ಹನ್ನೆರಡು ಮಕ್ಕಳಿಗಷ್ಟೇ ಕೇಕು, ತಿಂಡಿ. ನಿನ್ನೆ ಹಾಗೆಂದಾಗ ಅವಳು ಅಳಲಿಲ್ಲ. "ಅಮ್ಮಾ, ಕ್ಲಾಸಲ್ಲಿ ಇಪ್ಪತ್ತೆಂಟು ಜನ. ಯಾರ್ನ ಬೇಡ ಅನ್ಲಿ?" ಎಂದಳು.

ಇವತ್ತು ಅದೇ ಕೊರೆಯುತ್ತಿತ್ತು. ಹೊಲಿಗೆ ಅಂಗಡಿಯಲ್ಲಿ ಒಂದು ಅಂಗಿಗೆ ಕಾಲರನ್ನೇ ತಿರುಗುಮುರುಗಾಗಿ ಕೂರಿಸಿದೆ. ಅಂಗಡಿಯ ಒಡತಿ ಕನ್ನಡಕದ ಮೇಲಿಂದ ನೋಡಿ, "ಮನಸ್ಸೆಲ್ಲಿಟ್ಟಿದ್ದೀಯಮ್ಮಾ?" ಎಂದರು. ಎಲ್ಲ ಹೇಳಿಕೊಂಡೆ.

"ಅಯ್ಯೋ ಪೆದ್ದಿ! ಭಾನುವಾರ ಅಂಗಡಿ ಹೇಗೂ ಮುಚ್ಚಿರುತ್ತೆ. ಮಿಷಿನ್ನೆಲ್ಲ ಗೋಡೆಗೆ ಸರಿಸು, ಇಲ್ಲೇ ಕುಣೀಲಿ ಮಕ್ಕಳು."

ಬಾಡಿಗೆ ಉಳಿಯಿತು! ಬಟ್ಟೆ ಕತ್ತರಿಸುವ ಉದ್ದದ ಮೇಜಿನ ಮೇಲೆ ಕೇಕು. ಚೂರುಬಟ್ಟೆಯಲ್ಲಿ ಬಣ್ಣಬಣ್ಣದ ಬಾವುಟಗಳನ್ನು ನಾನೇ ಹೊಲಿಯುತ್ತೇನೆ. ಇಪ್ಪತ್ತೆಂಟು ಜನಕ್ಕೂ ಸಾಕಾಗುತ್ತದೆ, ಮೂರು ಸಲ ಕೂಡಿ ನೋಡಿದೆ.

ರಾತ್ರಿ ಮನೆಯಲ್ಲಿ ಹೇಳಿದರೆ ಇವರು ಎಂದಿನಂತೆ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೇ" ಎಂದರು.

"ಹಾಸಿಗೆನೇ ಉದ್ದ ಆಯ್ತಲ್ರೀ!" ಎಂದೆ. ಅವರಿಗೂ ನಗು ತಡೆಯಲಾಗಲಿಲ್ಲ.

ನಾನು ಮನೆಗೆ ಬರುವಷ್ಟರಲ್ಲಿ ಮಗಳು ಮಲಗಿಬಿಟ್ಟಿದ್ದಳು. ಹೇಳಬೇಕೆಂದು ಎರಡು ಸಲ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಪಾಪ, ನಿದ್ದೆ ಕೆಡಿಸುವುದು ಬೇಡ, ಬೆಳಿಗ್ಗೆ ಹೇಳಿದರಾಯಿತು. ಬೆಳಿಗ್ಗೆ... ಇಲ್ಲ, ನನ್ನ ಕೈಲಾಗದು, ಎಬ್ಬಿಸಿಯೇಬಿಡುತ್ತೇನೆ.