ಗುಂಡಿ ಡಬ್ಬಿಯ ಉಂಗುರ

ಬುಧವಾರ, ಹದಿನಾರನೇ ತಾರೀಖು

ಅಕ್ಕನಿಗೆ ತಂಗಿಯ ನಮಸ್ಕಾರ.

ನಿನಗೆ ಮರೆತಿರಬಹುದು, ಅದಕ್ಕೇ ಮೊದಲಿಗೆ ಬರೆಯುತ್ತಿದ್ದೇನೆ. ಆ ಉಂಗುರದ ಕಥೆಯನ್ನು ಮೊದಲು ಹೇಳಿದವಳು ನೀನು. ನನ್ನ ಮಗಳು ಹುಟ್ಟಿದ ಐವತ್ತನೇ ದಿನ, ನಾನು ಕೆಲಸಕ್ಕೆ ಮರಳಿದ ಬೆಳಿಗ್ಗೆ, ನಮ್ಮ ಲಾಂಡ್ರಿಯ ಮಡಿಸುವ ಮೇಜಿನ ಸುತ್ತ ಆರು ಜನ ಹೆಂಗಸರು ನಿಂತಿದ್ದಾಗ ಹೇಳಿದೆ. ಅದಕ್ಕಿಂತ ಮೊದಲು ಆ ಕಥೆ ಇರಲೇ ಇಲ್ಲ.

ಇನ್ನು ಕ್ಷೇಮ ಸಮಾಚಾರ. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಈ ಸಲ ಅದನ್ನು ಬಿಟ್ಟಿದ್ದೇನೆ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ತಡಮಾಡಿದೆ, ಕ್ಷಮಿಸು. ಮೊದಲು ಹೋಟೆಲಿನವರ ಪರದೆಗಳು ಅಡ್ಡ ಬಂದವು, ಆಮೇಲೆ ಕೋಪ ಅಡ್ಡ ಬಂತು. ಪರದೆಗಳನ್ನು ತೊಳೆದು, ಒಣಗಿಸಿ, ಮಡಿಸಿ ಕಳಿಸಿಯಾಯಿತು. ಕೋಪ ಇನ್ನೂ ಹಸಿಯಾಗಿಯೇ ಇದೆ.

ನೀನು ಆ ಊರಿನಲ್ಲಿ ಬೇರೆ ಲಾಂಡ್ರಿ ತೆರೆದು ಹೋದ ಮೇಲೆ ಇಲ್ಲಿ ಹೆಚ್ಚೇನೂ ಬದಲಾಗಿಲ್ಲ. ದೊಡ್ಡ ಒಗೆಯುವ ಮಷೀನು ಈಗಲೂ ನೀರು ಬಿಡುವಾಗ ಬೈದುಕೊಳ್ಳುತ್ತದೆ. ಇಸ್ತ್ರಿ ಪ್ರೆಸ್ಸಿನ ಮುಂದೆ ಹೊಸ ಹೆಂಗಸು ನಿಂತಿದ್ದಾಳೆ, ಅವಳೂ ನಾಲ್ಕು ತಿಂಗಳ ಬಸುರಿ. ನಾನು ನಿಂತಿದ್ದ ಜಾಗದಲ್ಲೇ ನಿಲ್ಲುತ್ತಾಳೆ. ಅಲ್ಲಿ ನೆಲ ಸವೆದು ಎರಡು ಪಾದದ ಗುರುತು ಬಿದ್ದಿದೆ. ಆ ಜೊತೆ ನನ್ನದೇ ಇರಬೇಕು.

ನಿನ್ನ ಕೊನೆಯ ಕಾಗದ ನನಗೆ ಬರೆದದ್ದಲ್ಲ, ನನ್ನ ಮಗಳು ಬೊಗಸೆಗೆ ಬರೆದದ್ದು. ಅವಳೀಗ ಐದು ತಿಂಗಳ ಬಸುರಿ, ಎರಡು ವರ್ಷದ ಹಿಂದೆ ಏಳನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡವಳು. ಅದು ನಿನಗೆ ಚೆನ್ನಾಗಿ ಗೊತ್ತು. ಆದರೂ ಬರೆದೆ: ‘ದಿನಾ ಮಾತ್ರೆ ನುಂಗಿ ಕಾಲು ಚಾಚಿ ಮಲಗೋ ಬಸುರಿಯನ್ನು ನಮ್ಮ ಮನೆಯಲ್ಲಿ ನಾನು ನೋಡಿಲ್ಲ. ನಿಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಾ ನೀನು? ಎದ್ದು ಓಡಾಡು, ಎಲ್ಲ ಸರಿಹೋಗುತ್ತೆ.’ ಕಾಗದ ಓದಿದ ಮಗಳು ನಕ್ಕಳು, ಮಡಿಸಿ ಕಪಾಟಿನಲ್ಲಿಟ್ಟಳು. ಅಂದಿನಿಂದ ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದಳು. ನನಗೆ ಗೊತ್ತಾದದ್ದು ನಿನ್ನೆ.

ನಿನ್ನೆ ಮಂಗಳವಾರ ಅವಳು ಆಸ್ಪತ್ರೆಗೆ ಹೋಗಿದ್ದಳು. ಹೊಸ ಡಾಕ್ಟರಮ್ಮ ಬಂದಿದ್ದಾರೆ, ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಹಳೆಯ ಫೈಲು ಓದಿ, ‘ನಿಮ್ಮ ತಾಯಿಗೆ ಬಸಿರಿನಲ್ಲಿ ಬಿಪಿ ಏನಾದರೂ ಏರಿತ್ತಾ?’ ಎಂದು ಕೇಳಿದರಂತೆ. ನಿನ್ನ ಕಥೆ ಕೇಳಿ ಬೆಳೆದ ಹುಡುಗಿ ಏನು ಹೇಳುತ್ತಾಳೆ? ‘ನಮ್ಮಮ್ಮನಿಗೆ ಏನೂ ಇರಲಿಲ್ಲ ಡಾಕ್ಟರೇ, ಉಕ್ಕು’ ಎಂದಿದ್ದಾಳೆ. ಡಾಕ್ಟರಮ್ಮನನ್ನು ಒಂದಿಷ್ಟು ನಗಿಸೋಣ ಎಂದು ಉಂಗುರದ ಪ್ರಸಂಗವನ್ನೂ ಹೇಳಿದ್ದಾಳೆ.

ಆ ಪ್ರಸಂಗ ಬಂದಾಗಲೆಲ್ಲ ನೀನು ಗುಂಡಿ ಡಬ್ಬಿಯನ್ನು ತರಿಸುತ್ತಿದ್ದೆ. ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳ ನಡುವೆ ಕೈಯಾಡಿಸಿ, ಕತ್ತರಿಸಿದ ನನ್ನ ಉಂಗುರವನ್ನು ಎತ್ತಿ ತೋರಿಸುತ್ತಿದ್ದೆ. ‘ನೋಡ್ರೇ, ಹೋಟೆಲಿನವರು ಕೊಟ್ಟ ಊಟವೆಲ್ಲ ಇವಳ ಬೆರಳಿಗೇ ಇಳಿದಿತ್ತು. ಎದುರಂಗಡಿ ಬೀಗದವನನ್ನು ಕರೆಸಿ ಕತ್ತರಿಸಬೇಕಾಯ್ತು. ಬೀಗ ಒಡೆದೆ, ಕಳ್ಳ ಎಲ್ಲಿ ಅಂತ ಕೇಳಿದ ಅವನು.’ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಡಾಕ್ಟರಮ್ಮ ನಗಲಿಲ್ಲ. ಪೆನ್ನನ್ನು ಕೆಳಗಿಟ್ಟರಂತೆ. ‘ಎಷ್ಟನೇ ತಿಂಗಳು? ಮುಖ ಊದಿತ್ತಾ? ತಲೆನೋವು ಇತ್ತಾ? ನೀವು ಹುಟ್ಟಿದಾಗ ಎಷ್ಟು ತೂಕ ಇದ್ದಿರಿ?’ ಇವಳಿಗೆ ಒಂದಕ್ಕೂ ಉತ್ತರ ಗೊತ್ತಿಲ್ಲ. ಆಗ ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದ್ದಾರೆ: ಬಸಿರಿನಲ್ಲಿ ಹಾಗೆ ಏರಿದ ಬಿಪಿ ಹೆರಿಗೆಯ ಜೊತೆಗೇ ಮುಗಿದುಹೋಯಿತು ಎನ್ನುವಂತಿಲ್ಲ. ಹೆತ್ತವಳ ಹೃದಯ, ಮೂತ್ರಪಿಂಡಗಳನ್ನು ಅದು ಮುಂದೆಯೂ ಕಾಡಬಹುದು. ಹೊಟ್ಟೆಯಲ್ಲಿ ಸೊರಗಿ ಸಣ್ಣದಾಗಿ ಹುಟ್ಟಿದ ಮಗುವಿಗೂ ದೊಡ್ಡದಾದ ಮೇಲೆ ಬಿಪಿ, ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಆ ಮಗು ಹೆಣ್ಣಾದರೆ ಅವಳ ಬಸಿರನ್ನೂ ಕಣ್ಣಿಟ್ಟು ಕಾಯಬೇಕು. ‘ಅದಕ್ಕೇ ಕೇಳಿದ್ದು. ನಿಮ್ಮಮ್ಮನಿಂದ ಸರಿಯಾಗಿ ಕೇಳಿಕೊಂಡು ಬನ್ನಿ. ಮಾತ್ರೆ ಯಾಕೆ ಬಿಟ್ಟಿರಿ ಅಂತ ಆಮೇಲೆ ಜಗಳ ಮಾಡೋಣ.’

ಮಗಳು ನೇರ ಲಾಂಡ್ರಿಗೇ ಬಂದಳು. ಹೆಂಗಸರೆಲ್ಲ ಊಟ ಮುಗಿಸಿ ಮಡಿಸುವ ಮೇಜಿಗೆ ಒರಗಿಕೊಂಡಿದ್ದರು. ‘ಅಮ್ಮಾ, ಉಂಗುರದ ಕಥೆ ಹೇಳು’ ಎಂದಳು. ‘ಅದು ದೊಡ್ಡಮ್ಮನ ಕಥೆ, ಅವಳ ಬಾಯಲ್ಲೇ ಚೆನ್ನ’ ಎಂದೆ. ‘ಇಲ್ಲ, ನೀನು ಹೇಳು. ನಡೆದದ್ದು ಹೇಳು.’

ಅಕ್ಕಾ, ಇಪ್ಪತ್ತೇಳು ವರ್ಷದಲ್ಲಿ ಆ ಕಥೆಯನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ನಿನ್ನ ಬಾಯಲ್ಲಿ ಅದು ಚೆನ್ನಾಗಿ ಉಂಡು ಬೆಳೆಯಿತು. ನೀನು ಹೇಳಿದ ಮೊದಲ ಸಲ ನಾನು ಹೆರಿಗೆಯ ದಿನ ನೂರಿಪ್ಪತ್ತು ಚಾದರ ಇಸ್ತ್ರಿ ಮಾಡಿದ್ದೆ, ಐದನೇ ಸಲಕ್ಕೆ ಮುನ್ನೂರಾಯಿತು. ಮಗುವಿನ ತೂಕವೂ ಚಾದರಗಳ ಜೊತೆ ಏರಿತು. ಕೂಸು ಬೊಗಸೆಯಲ್ಲಿ ಹಿಡಿಯುವಷ್ಟಿತ್ತು, ಅದಕ್ಕೇ ಆ ಅಡ್ಡಹೆಸರು. ನೀನು ಅದನ್ನೇ ಮೂರು ಕಿಲೋ ಮಾಡಿದೆ. ಮೂರು ಕಿಲೋ ಕೂಸಿಗೆ ಬೊಗಸೆ ಅಂತ ಯಾಕೆ ಕರೆದರು ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಿದ್ದೆ ನೀನು.

ನಾನು ನಡೆದದ್ದನ್ನು ಹೇಳಿದೆ. ಎಂಟನೇ ತಿಂಗಳು. ಪಾದ ಊದಿ, ಗಂಡನ ಚಪ್ಪಲಿ ಹಾಕಿಕೊಂಡು ಬರುತ್ತಿದ್ದೆ. ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಂಚುಹುಳ ಹಾರಾಡುತ್ತಿದ್ದವು. ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಿ ಸೇರು ಎಂದು ನರ್ಸಮ್ಮ ಚೀಟಿ ಬರೆದುಕೊಟ್ಟಿದ್ದಳು. ನಿನಗೆ ತೋರಿಸಿದೆ. ನೀನು ಓದಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ‘ಹೋಟೆಲಿನಲ್ಲಿ ಮದುವೆ ಗುಂಪು ಇಳಿದಿದೆ. ಇವತ್ತಿನ ಚಾದರ ಮುಗಿಸಿಬಿಡು, ನಾಳೆ ನಾನೇ ಕರೆದುಕೊಂಡು ಹೋಗ್ತೀನಿ’ ಎಂದೆ. ಮಧ್ಯಾಹ್ನ ಬೆರಳು ನೀಲಿಯಾಗಿ ಉಂಗುರ ಕತ್ತರಿಸಿದರು. ಅದಾದ ಅರ್ಧ ಗಂಟೆಗೆ ನಾನು ಒದ್ದೆ ನೆಲದ ಮೇಲೆ ಬಿದ್ದು ಸೆಟೆದುಕೊಂಡೆ. ನಾನು ಕೈ ಒರೆಸಿಕೊಂಡು ಆಸ್ಪತ್ರೆಗೆ ನಡೆದು ಹೋದೆ ಎಂದು ನೀನು ಹೇಳುತ್ತೀಯಲ್ಲ, ನನ್ನನ್ನು ಚಾದರ ಸಾಗಿಸುವ ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದದ್ದು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಒಂದು ಕಿಲೋ ಏಳುನೂರು ಗ್ರಾಂ. ನನಗೆ ಎಚ್ಚರವಾದದ್ದು ಎರಡು ದಿನದ ಮೇಲೆ.

ಹೆಂಗಸರು ನಗುವುದಕ್ಕೆಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಪ್ರೆಸ್ಸಿನ ಹೆಂಗಸು ಮಾತ್ರ, ‘ಆ ಚೀಟಿ ಏನಾಯ್ತು?’ ಎಂದು ಕೇಳಿದಳು. ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು.

ನನ್ನ ಮೇಲೆ ನಿನಗೆ ದ್ವೇಷವಿತ್ತು ಎಂದು ನಾನು ಹೇಳುವುದಿಲ್ಲ. ನೀನು ಹೆದರಿದ್ದೆ. ತಳ್ಳುಗಾಡಿಯನ್ನು ತಳ್ಳಿದವಳೂ ನೀನೇ, ದಾರಿಯುದ್ದಕ್ಕೂ ಅಳುತ್ತಿದ್ದೆ ಎಂದು ಬೀಗದವನು ಹೇಳಿದ್ದ. ಆ ಹೆದರಿಕೆಯ ಮೇಲೆ ಒಂದು ಒಳ್ಳೆಯ ಇಸ್ತ್ರಿ ಮಾಡಿದ ಕಥೆಯನ್ನು ಹೊದಿಸಿದೆ. ಅಲ್ಲಿಗೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀನು ಅದನ್ನೇ ತೆಗೆದುಕೊಂಡು ನನ್ನ ಮಗಳ ಬೆನ್ನಿಗೆ ಬಾರಿಸಿದೆ. ಮೊದಲ ಮಗು ಹೋದಾಗ ಆಸ್ಪತ್ರೆಯ ಮಂಚದ ಪಕ್ಕ ಕೂತು, ‘ನಿಮ್ಮಮ್ಮನ ಗಟ್ಟಿತನ ನಿನಗೆ ಬರಲಿಲ್ಲ’ ಎಂದೆ. ನಲವತ್ತನೇ ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ, ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಇದೇ ನೀನು ಹೇಳುವ ಗಟ್ಟಿತನ.

ಮುಂದಿನ ವಾರ ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ನೀನು ಹೋಗುವಾಗ ಗುಂಡಿ ಡಬ್ಬಿಯ ಜೊತೆ ಒಯ್ದ ಉಂಗುರವನ್ನು ಅಂಚೆಯಲ್ಲಿ ಕಳಿಸು, ಅದು ನನ್ನದು. ಬೊಗಸೆಗೆ ಒಂದು ಕಾಗದ ಬರೆದು ಆ ಚೀಟಿಯ ವಿಷಯವನ್ನು ನಿನ್ನ ಕೈಯಾರೆ ತಿಳಿಸು. ಆಮೇಲೆ ಬಾ, ಬಾಗಿಲು ತೆಗೆಯುತ್ತೇನೆ. ಅಲ್ಲಿಯವರೆಗೆ ನಿನ್ನ ಕಾಲು, ಕಣ್ಣು, ಕಿವಿ ಎಲ್ಲ ಚೆನ್ನಾಗಿರಲಿ. ನಾಲಿಗೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ.

ಇಂತಿ,
ಉಕ್ಕಲ್ಲದ ನಿನ್ನ ತಂಗಿ

ಮರೆತದ್ದು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಎಲ್ಲ ಹೇಳಿ ಮುಗಿಸಿದ ಮೇಲೆ ಮಗಳು ಒಂದೇ ಮಾತು ಕೇಳಿದಳು. ‘ಮೊದಲ ಬಸಿರಿನಲ್ಲಿ ಹಳೇ ಡಾಕ್ಟರು ನಿನ್ನನ್ನೇ ಕೇಳಿದ್ದರಲ್ಲ ಅಮ್ಮಾ, ನಿಮಗೆ ಬಸಿರಿನಲ್ಲಿ ಬಿಪಿ ಇತ್ತಾ ಅಂತ. ನಾನು ಪಕ್ಕದಲ್ಲೇ ಕೂತಿದ್ದೆ.’ ಹೌದು, ಕೇಳಿದ್ದರು. ಅವತ್ತು ನೀನು ಜೊತೆಗಿರಲಿಲ್ಲ, ನನ್ನ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ. ‘ಏನೂ ಇರಲಿಲ್ಲ ಡಾಕ್ಟರೇ, ಹೆರುವ ದಿನವೂ ಕೆಲಸ ಮಾಡಿದೆ’ ಎಂದು ನಾನೇ ಹೇಳಿದೆ. ಜಗತ್ತಿನಲ್ಲಿ ನಾನು ದೊಡ್ಡವಳಾಗಿ ಕಾಣುವುದು ಆ ಒಂದು ಕಥೆಯಲ್ಲಿ ಮಾತ್ರ. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ನಿನ್ನೆ ಮಗಳ ಮುಂದೆ ಇದನ್ನೇ ಒಪ್ಪಿಕೊಂಡೆ. ಅವತ್ತೇ ಡಾಕ್ಟರಿಗೆ ನಿಜ ಹೇಳಿದ್ದರೆ ಅವಳ ಆ ಮಗು ಉಳಿಯುತ್ತಿತ್ತೋ ಏನೋ, ಯಾರು ಹೇಳಬಲ್ಲರು. ಅವಳು ಚೀಲ ತೆಗೆದುಕೊಂಡು ಎದ್ದು ಹೋದಳು.

ಇವತ್ತು ಬೆಳಿಗ್ಗೆ ನಾನು ಬರುವ ಹೊತ್ತಿಗೆ ಪ್ರೆಸ್ಸಿನ ಹೆಂಗಸು ಮನೆಯಿಂದ ತಂದ ಸ್ಟೂಲನ್ನು ಪಾದದ ಗುರುತಿನ ಮೇಲೇ ಇಟ್ಟುಕೊಂಡು ಕೂತು ಇಸ್ತ್ರಿ ಮಾಡುತ್ತಿದ್ದಳು. ಮಿಕ್ಕವರು ದೊಡ್ಡ ಚಾದರಗಳನ್ನು ತಾವೇ ಎತ್ತಿ ಅವಳ ಮುಂದೆ ಹರಡಿ ಕೊಡುತ್ತಿದ್ದರು. ಬೊಗಸೆ ಮಡಿಸುವ ಮೇಜಿನ ಮೇಲೆ ಆಸ್ಪತ್ರೆಯ ಫೈಲು ಬಿಚ್ಚಿಟ್ಟುಕೊಂಡು ಕೂತಿದ್ದಳು. ನನ್ನ ಮುಖ ನೋಡಲಿಲ್ಲ. ‘ಉಂಗುರ ಕತ್ತರಿಸಿದ್ದು ಎಷ್ಟನೇ ವಾರ? ಫಿಟ್ಸ್ ಬಂದದ್ದು ಒಂದು ಸಲವಾ, ಎರಡು ಸಲವಾ? ನನ್ನ ತೂಕ ಇನ್ನೊಂದು ಸಲ ಹೇಳು’ ಎಂದು ಕೇಳಿ ಎಲ್ಲವನ್ನೂ ಬರೆದುಕೊಂಡಳು. ಬರೆದಾದ ಮೇಲೆ ಚೀಲದಿಂದ ಮಾತ್ರೆ ತೆಗೆದು, ಕುಡಿಯಲು ನೀರು ಕೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕೇಳಿದ್ದು ಪ್ರೆಸ್ಸಿನ ಹೆಂಗಸನ್ನು.